ಚಿತ್ರಕ್ಕೂ ಒಂದು ಅಡಿಟಿಪ್ಪಣಿ: ಎಂಎಲ್‌ಎ, ಎಪಿಎ, ಶಿಕಾಗೊ ಪೈಕಿ ಯಾವುದನ್ನು ಆರಿಸಬೇಕು?

ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ಜನ ಗುಂಪುಗೂಡಿ ನೋಡುವ ಚಿತ್ರವೊಂದಿದೆ. ಕತ್ತಲೆಯಲ್ಲಿ ಹೆಂಗಸೊಬ್ಬಳು ದೀಪ ಹಿಡಿದು ನಿಂತಿದ್ದಾಳೆ, ಇನ್ನೊಂದು ಕೈಯನ್ನು ಕುಡಿಗೆ ಮರೆ ಮಾಡಿದ್ದಾಳೆ, ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಹಾಯುತ್ತಿದೆ. 'ಗ್ಲೋ ಆಫ್ ಹೋಪ್' ಎಂದೂ 'ಲೇಡಿ ವಿತ್ ದಿ ಲ್ಯಾಂಪ್' ಎಂದೂ ಕರೆಯುವ ಈ ಚಿತ್ರವನ್ನು ಅಂತರಜಾಲದಲ್ಲಿ ಹುಡುಕಿದರೆ ಎಷ್ಟೋ ಕಡೆ ಕೆಳಗೆ ರವಿವರ್ಮನ ಹೆಸರಿರುತ್ತದೆ. ಬರೆದವರು ಎಸ್. ಎಲ್. ಹಲ್ದಂಕರ್, 1945–46ರಲ್ಲಿ, ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಅದಕ್ಕಿಂತ ಮುಖ್ಯವಾಗಿ, ಇದು ಜಲವರ್ಣ. ರವಿವರ್ಮನ ಹೆಸರು ನಿಂತಿರುವುದು ತೈಲವರ್ಣದ ಮೇಲೆ.

ಈ ತಪ್ಪು ಸಂಶೋಧನ ಪ್ರಬಂಧಗಳಿಗೂ ನುಸುಳಬಲ್ಲದು. ತಡೆಯುವ ಜಾಗ ಯಾವುದೆಂದರೆ ಉಲ್ಲೇಖ, ಅಂದರೆ ಬಳಸಿದ ಆಕರವನ್ನು ನಮೂದಿಸುವ ಸಾಲು. ಅದನ್ನು ಬರೆಯಲು ಇಲ್ಲಿ ನೋಡುವ ಶೈಲಿಗಳು ಮೂರು: ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಎಂಎಲ್‌ಎ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಎಪಿಎ, ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯದ ಶಿಕಾಗೊ. ಉಲ್ಲೇಖ ಶೈಲಿಗಳ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಅದು ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನನ್ನ ಪ್ರಕಾರ ನೋಡಬೇಕಾದ್ದು ಬೇರೆ: ಯಾವ ಶೈಲಿ ನಿಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತದೆ? ಮಾಧ್ಯಮ ಯಾವುದೆಂದು ಕೇಳುವ ಶೈಲಿಯಲ್ಲಿ ಬರೆಯಹೊರಟವರು 'ಜಲವರ್ಣ' ಎಂದು ತುಂಬುವಾಗ ಒಂದು ಕ್ಷಣ ತಡೆಯುತ್ತಾರೆ. ಕೇಳದ ಶೈಲಿಯಲ್ಲಿ ರವಿವರ್ಮ ಸಲೀಸಾಗಿ ಒಳಗೆ ಬಂದುಬಿಡುತ್ತಾನೆ.

ಮೊದಲು ಚುಟುಕಾಗಿ

ವಿಶ್ವವಿದ್ಯಾಲಯದ ವಿಭಾಗವೋ ಪತ್ರಿಕೆಯೋ ಇಂಥದ್ದೇ ಶೈಲಿ ಎಂದು ಗೊತ್ತುಮಾಡಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಅದನ್ನೇ ಹಿಡಿಯಿರಿ. ಆಯ್ಕೆ ನಿಮಗೇ ಬಿಟ್ಟಿದ್ದರೆ ಹೀಗೆ: ಕನ್ನಡ, ಇಂಗ್ಲಿಷ್ ಸಾಹಿತ್ಯ ವಿಭಾಗದವರು ಕಾದಂಬರಿಯ ಜೊತೆಗೆ ಒಂದೆರಡು ಚಿತ್ರಗಳನ್ನು ಮುಟ್ಟಿ ಹೋಗುವುದಾದರೆ ಎಂಎಲ್‌ಎ ಸಾಕು. ಶಿಕ್ಷಣ, ಮನಶ್ಶಾಸ್ತ್ರ, ಸಮೂಹ ಸಂವಹನದವರು ಎಪಿಎ ಬಿಟ್ಟು ಬೇರೆಡೆ ಹೋಗುವ ಅಗತ್ಯವಿಲ್ಲ. ಕಲಾ ಇತಿಹಾಸ, ದೇವಾಲಯ ವಾಸ್ತು, ಇತಿಹಾಸ ಮತ್ತು ಪುರಾತತ್ವ, ವಸ್ತುಸಂಗ್ರಹಾಲಯ ಅಧ್ಯಯನದವರಿಗೆ ಶಿಕಾಗೊ. ಅದರಲ್ಲೂ ಎರಡು ಬಗೆಯಿದೆ. ಲೇಖಕ–ವರ್ಷದ ಬಗೆ ಬೇಡ, ಅಡಿಟಿಪ್ಪಣಿ ಮತ್ತು ಗ್ರಂಥಸೂಚಿಯ ಬಗೆ. ಕಾಲೇಜ್ ಆರ್ಟ್ ಅಸೋಸಿಯೇಷನ್ ಹೊರತರುವ 'ದಿ ಆರ್ಟ್ ಬುಲೆಟಿನ್' ಪತ್ರಿಕೆ ಕೂಡ ಶಿಕಾಗೊ ಜಾಡಿನಲ್ಲೇ ನಡೆಯುತ್ತದೆ.

ಆವೃತ್ತಿ ನೋಡಿಕೊಳ್ಳಿ. ಈಗ ಬಳಕೆಯಲ್ಲಿರುವುದು ಎಂಎಲ್‌ಎಯ 9ನೇ ಆವೃತ್ತಿ (2021), ಎಪಿಎಯ 7ನೆಯದು (2020ರ ಮುದ್ರೆಯಿದ್ದರೂ ಹೊರಬಂದದ್ದು 2019ರ ಕೊನೆಗೆ), ಶಿಕಾಗೊದ 18ನೆಯದು (2024). ಗ್ರಂಥಾಲಯದ ಕಪಾಟಿನಲ್ಲಿ ಹಳೆಯ ಪ್ರತಿಗಳೇ ಹೆಚ್ಚಾಗಿ ಸಿಗುವುದರಿಂದ ಹೇಳಿದೆ.

ಒಂದೇ ಚಿತ್ರ, ಮೂರು ಸಾಲು

ಹಲ್ದಂಕರರ ಅದೇ ಚಿತ್ರವನ್ನು ಮೂರು ಶೈಲಿಯಲ್ಲೂ ಬರೆದು ನೋಡೋಣ. ಗ್ಯಾಲರಿಗೆ ಹೋಗಿ ಕಣ್ಣಾರೆ ನೋಡಿದ್ದೀರಿ ಎಂದಿಟ್ಟುಕೊಳ್ಳಿ.

ಎಂಎಲ್‌ಎ:
ಹಲ್ದಂಕರ್, ಎಸ್. ಎಲ್. *ಗ್ಲೋ ಆಫ್ ಹೋಪ್.* 1945–46, ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ, ಮೈಸೂರು.

ಎಪಿಎ:
ಹಲ್ದಂಕರ್, ಎಸ್. ಎಲ್. (1945–1946). *ಗ್ಲೋ ಆಫ್ ಹೋಪ್* [ಜಲವರ್ಣ ಚಿತ್ರ]. ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ, ಮೈಸೂರು, ಭಾರತ.

ಶಿಕಾಗೊ ಅಡಿಟಿಪ್ಪಣಿ:
1. ಎಸ್. ಎಲ್. ಹಲ್ದಂಕರ್, *ಗ್ಲೋ ಆಫ್ ಹೋಪ್*, 1945–46, ಜಲವರ್ಣ, ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ, ಜಗನ್ಮೋಹನ ಅರಮನೆ, ಮೈಸೂರು.

ಎಂಎಲ್‌ಎ ಕೇಳುವುದು ನಾಲ್ಕೇ ಸಂಗತಿ: ಯಾರು, ಏನು, ಯಾವಾಗ, ಎಲ್ಲಿ. ಮಾಧ್ಯಮವನ್ನು ಬೇಕಾದರೆ ಕೊನೆಯಲ್ಲಿ ಸೇರಿಸಿ ಎನ್ನುತ್ತದೆ, ಒತ್ತಾಯವಿಲ್ಲ. ವಾಕ್ಯದೊಳಗೆ ಆವರಣದಲ್ಲಿ 'ಹಲ್ದಂಕರ್' ಎಂದಷ್ಟೇ ಬಂದರೆ ಸಾಕು. ವಾಕ್ಯದಲ್ಲೇ ಅವರ ಹೆಸರು ಹೇಳಿದ್ದರೆ ಆವರಣವೂ ಬೇಡ. ಓದುವವರಿಗೆ ಹಿತ, ಬರೆಯುವವರಿಗೆ ಸಲೀಸು. ಆದರೆ ಮೇಲೆ ಹೇಳಿದ ರವಿವರ್ಮನ ತಪ್ಪು ಹೆಚ್ಚು ಸುಲಭವಾಗಿ ದಾಟಿಹೋಗುವುದೂ ಇಲ್ಲೇ.

ಎಪಿಎಯಲ್ಲಿ ಶೀರ್ಷಿಕೆಯ ಪಕ್ಕ ಚೌಕ ಆವರಣದೊಳಗೆ ಇದು ಎಂಥ ವಸ್ತು ಎಂದು ಹೇಳಲೇಬೇಕು: ತೈಲವರ್ಣ ಚಿತ್ರ, ಛಾಯಾಚಿತ್ರ, ಶಿಲ್ಪ, ಮುದ್ರಣ. ಒಳ್ಳೆಯ ನಿಯಮ. ಅದರ ತೊಂದರೆ ಇನ್ನೊಂದು ಕಡೆಯಿದೆ. ವಿಜ್ಞಾನದ ಪ್ರಬಂಧದಲ್ಲಿ ಯಾವ ಅಧ್ಯಯನ ಎಷ್ಟು ಹೊಸದು ಎಂದು ತಿಳಿಯುವುದು ಮುಖ್ಯವಾದ್ದರಿಂದ ಎಪಿಎ ವರ್ಷವನ್ನು ಎತ್ತಿ ಮುಂದೆ ಕೂರಿಸುತ್ತದೆ, ವಾಕ್ಯದೊಳಗೂ ಅದನ್ನೇ ಬಯಸುತ್ತದೆ. ಕಲಾಕೃತಿಯ ವರ್ಷ ಅಂಥ ಗಟ್ಟಿ ವಸ್ತುವಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಒಳಛಾವಣಿಯ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ವಿಜಯನಗರ ಕಾಲದವು ಎನ್ನುವವರಿದ್ದಾರೆ, ಬಹಳ ಈಚಿನವು ಎನ್ನುವವರೂ ಇದ್ದಾರೆ. ಅಂಥ ಚಿತ್ರವನ್ನು ಎಪಿಎಯಲ್ಲಿ ಹೆಸರಿಸಿದಾಗಲೆಲ್ಲ ಆವರಣದಲ್ಲಿ ಒಂದು ವರ್ಷವನ್ನು ಮತ್ತೆ ಮತ್ತೆ ಬರೆಯುತ್ತ ಹೋದರೆ, ಯಾವ ಪ್ರಶ್ನೆಯನ್ನು ಚರ್ಚಿಸಲು ಹೊರಟಿದ್ದೀರೋ ಅದನ್ನು ಆಗಲೇ ತೀರ್ಮಾನಿಸಿದಂತೆ ಕಾಣುತ್ತದೆ.

ಶಿಕಾಗೊ ಹೆಚ್ಚು ಕೇಳುತ್ತದೆ: ಮಾಧ್ಯಮ, ಅಳತೆ, ಇರುವ ಸಂಸ್ಥೆ, ಊರು. ಮೇಲಿನ ಟಿಪ್ಪಣಿಯಲ್ಲಿ ಅಳತೆ ಬಿಟ್ಟಿದ್ದೇನೆ. ಗೊತ್ತಿದ್ದರೆ ಜಲವರ್ಣದ ನಂತರ ಸೆಂಟಿಮೀಟರಿನಲ್ಲಿ ಹಾಕಿ, ಎತ್ತರ ಮೊದಲು, ಅಗಲ ಆಮೇಲೆ. ಇಷ್ಟೆಲ್ಲ ಕೇಳಿದರೂ ಒಂದು ವಿಷಯದಲ್ಲಿ ಇದು ಉದಾರಿ: ಕಲಾಕೃತಿಯ ವಿವರ ಟಿಪ್ಪಣಿಯಲ್ಲೋ ಪಠ್ಯದಲ್ಲೋ ಬಂದಿದ್ದರೆ ಗ್ರಂಥಸೂಚಿಯಲ್ಲಿ ಮತ್ತೆ ಕೊಡಲೇಬೇಕೆಂದಿಲ್ಲ. ಪುಸ್ತಕಗಳ ನಡುವೆ ಶಿಲ್ಪಗಳನ್ನು ಅಕಾರಾದಿಯಲ್ಲಿ ತುರುಕುವ ಗೋಜು ತಪ್ಪುತ್ತದೆ. ಟಿಪ್ಪಣಿಯಲ್ಲಿ ಒಂದೆರಡು ವಾಕ್ಯ ಹೆಚ್ಚಿಗೆ ಬರೆಯಲೂ ಜಾಗವಿದೆ. 'ಈ ಚಿತ್ರವನ್ನು ರವಿವರ್ಮನದೆಂದು ಹೇಳುವುದುಂಟು. ಕಾಲ ಮತ್ತು ಮಾಧ್ಯಮ ಎರಡೂ ಅದಕ್ಕೆ ಹೊಂದುವುದಿಲ್ಲ' ಎಂಬ ಮಾತನ್ನು ಎಪಿಎಯಲ್ಲಿ ಎಲ್ಲಿ ಇಡುತ್ತೀರಿ? ಪಠ್ಯದ ನಡುವೆಯೇ ಇಟ್ಟು ವಾದದ ಓಟ ಕೆಡಿಸಬೇಕು.

ನೀವು ಕೊನೆಗೆ ಯಾವ ಶೈಲಿಗೇ ಹೋಗಿ, ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಶಿಕಾಗೊ ಕೇಳುವಷ್ಟನ್ನೂ ಬರೆದಿಟ್ಟುಕೊಳ್ಳಿ. ಶಿಕಾಗೊದಿಂದ ಎಂಎಲ್‌ಎಗೆ ಬರಲು ಅಳಿಸಿದರಾಯಿತು. ಎಂಎಲ್‌ಎಯಿಂದ ಶಿಕಾಗೊಕ್ಕೆ ಹೋಗಲು ಮತ್ತೆ ಬಸ್ಸು ಹತ್ತಬೇಕು. ಉಲ್ಲೇಖಗಳನ್ನು ಕೂಡಿಸಿಡುವ ಝೊಟೆರೊ ತಂತ್ರಾಂಶ ಬಳಸುವವರಿಗೆ ಅದರಲ್ಲೇ ಕಲಾಕೃತಿಗೆಂದು ಪ್ರತ್ಯೇಕ ನಮೂನೆಯಿದೆ. ಮಾಧ್ಯಮ, ಅಳತೆ, ಸಂಗ್ರಹದ ಹೆಸರು ಎಲ್ಲಕ್ಕೂ ಖಾನೆಗಳಿವೆ. ಬಹಳಷ್ಟು ಜನ ಚಿತ್ರವನ್ನೂ 'ವೆಬ್ ಪುಟ' ಎಂದು ಉಳಿಸಿಕೊಂಡು ಆ ಖಾನೆಗಳನ್ನೆಲ್ಲ ಕಳೆದುಕೊಳ್ಳುತ್ತಾರೆ.

ಚಿತ್ರವನ್ನು ಪುಟದಲ್ಲೇ ಹಾಕಿದಾಗ

ಹೆಸರಿಸುವುದು ಬೇರೆ, ಅಚ್ಚು ಹಾಕುವುದು ಬೇರೆ. ಚಿತ್ರವೇ ಪುಟದ ಮೇಲೆ ಬಂದರೆ ಮೂರು ಶೈಲಿಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಎಂಎಲ್‌ಎಯಲ್ಲಿ ಚಿತ್ರದ ಕೆಳಗೆ 'ಚಿತ್ರ 1.' ಎಂದು ಹಾಕಿ ವಿವರ ಕೊಡುತ್ತಾರೆ. ಪೂರ್ತಿ ವಿವರ ಅಲ್ಲೇ ಬಂದು, ಬೇರೆಲ್ಲೂ ಆ ಆಕರವನ್ನು ಉಲ್ಲೇಖಿಸದಿದ್ದರೆ ಕೊನೆಯ ಪಟ್ಟಿಯಲ್ಲಿ ನಮೂದು ಬೇಡ. ಶಿಕಾಗೊದಲ್ಲೂ ಶೀರ್ಷಿಕೆ ಕೆಳಗೇ. ಅದರ ಕೊನೆಗೆ ಚಿತ್ರಕೃಪೆ, ಅಂದರೆ ಚಿತ್ರ ಯಾರಿಂದ ಬಂತು ಎಂಬ ಸಾಲು. ಎಪಿಎ ಮಾತ್ರ ಮೇಲೆ–ಕೆಳಗೆ ಹಂಚುತ್ತದೆ: ದಪ್ಪಕ್ಷರದಲ್ಲಿ ಸಂಖ್ಯೆ, ಅದರ ಕೆಳಗಿನ ಸಾಲಿನಲ್ಲಿ ಓರೆಯಕ್ಷರದಲ್ಲಿ ಶೀರ್ಷಿಕೆ, ಆಮೇಲೆ ಚಿತ್ರ, ಚಿತ್ರದ ಅಡಿಯಲ್ಲಿ 'ಟಿಪ್ಪಣಿ' ಎಂದು ಆಕರ ಮತ್ತು ಹಕ್ಕುಸ್ವಾಮ್ಯದ ಮಾತು. ಇಷ್ಟರ ಮೇಲೆ ಪರಾಮರ್ಶನ ಪಟ್ಟಿಯಲ್ಲೂ ನಮೂದು ಬೇಕು. ಎರಡು ಕಡೆ ಬರೆಯುವುದು ಕೆಲಸ ಹೆಚ್ಚು ಅನ್ನಿಸಬಹುದು. ಆದರೆ ಹಕ್ಕು ಯಾರದ್ದು ಎಂದು ಮುಖಕ್ಕೆ ಮುಖ ಕೊಟ್ಟು ಕೇಳುವುದು ಮೂರರಲ್ಲಿ ಎಪಿಎಯೇ ಎಂಬುದನ್ನು ಒಪ್ಪಬೇಕು.

ಮೂವತ್ತು ನಲವತ್ತು ಚಿತ್ರಗಳಿರುವ ಮಹಾಪ್ರಬಂಧದಲ್ಲಿ ಎಪಿಎ ಪುಟವಿನ್ಯಾಸ ತಲೆನೋವು. ಚಿತ್ರ ಒಂದು ಪುಟದಲ್ಲಿ, ಅದರ ಟಿಪ್ಪಣಿ ಮುಂದಿನ ಪುಟದಲ್ಲಿ ಕೂತುಬಿಡುತ್ತದೆ. ಚಿತ್ರಗಳೇ ಹೆಚ್ಚಿದ್ದರೆ ಪರಿವಿಡಿಯ ಹಿಂದೆಯೇ ಪ್ರತ್ಯೇಕ ಚಿತ್ರಸೂಚಿ ಹಾಕಿ, ಚಿತ್ರದ ಅಡಿಯಲ್ಲಿ ಚಿಕ್ಕ ಸಾಲು ಇಟ್ಟು, ಅಳತೆ–ಕೃಪೆಯ ಪೂರ್ಣ ವಿವರವನ್ನು ಸೂಚಿಗೆ ಸಾಗಿಸುವ ಶಿಕಾಗೊ ಪದ್ಧತಿ ವಾಸಿ.

ನೀವು ಉಲ್ಲೇಖಿಸುತ್ತಿರುವುದು ಯಾವುದನ್ನು: ಕೃತಿಯನ್ನೋ, ಅದರ ಫೋಟೊವನ್ನೋ?

ಶೈಲಿಗಿಂತ ಇದು ಮುಖ್ಯ. ಹೆಚ್ಚಿನ ಎಡವಟ್ಟು ಆಗುವುದೂ ಇಲ್ಲೇ.

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ ಯಾರಿಗೆ ಗೊತ್ತಿಲ್ಲ? ಈಗ ಅದರ ತಲೆ ಬೋಳು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರ ಸುಮಾರಿಗೆ ಹಂಪಿಯಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಛಾಯಾಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. 'ರಥಕ್ಕೆ ಶಿಖರವಿತ್ತು' ಎಂದು ವಾದಿಸುವ ಪ್ರಬಂಧಕ್ಕೆ ಸಾಕ್ಷಿ ರಥವಲ್ಲ, ಗ್ರೀನ್‌ಲಾನ ಛಾಯಾಚಿತ್ರ. ಅಲ್ಲಿ ಕರ್ತೃವಿನ ಜಾಗದಲ್ಲಿ ಗ್ರೀನ್‌ಲಾ ಬರಬೇಕು, ವರ್ಷ 1856, ಮಾಧ್ಯಮ ಮೇಣಕಾಗದದ ನೆಗೆಟಿವ್, ಇರುವ ಜಾಗ ಆ ನೆಗೆಟಿವ್ ಇರುವ ಸಂಗ್ರಹ. ಬದಲಿಗೆ 'ಕಲ್ಲಿನ ರಥ, ವಿಠ್ಠಲ ದೇವಾಲಯ, 16ನೇ ಶತಮಾನ' ಎಂದು ಬರೆದು ಆ ಫೋಟೊ ಅಂಟಿಸಿದರೆ ವಾದವೇ ಕುಸಿಯುತ್ತದೆ. ಓದುಗ ಹಂಪಿಗೆ ಹೋಗಿ ನೋಡಿ, ಶಿಖರ ಎಲ್ಲಿ ಎಂದು ಕೇಳುತ್ತಾನೆ.

ಅದೇ ರಥದ ಚಕ್ರದ ಕೆತ್ತನೆಯ ಬಗ್ಗೆ ಬರೆಯುವವರಿಗೆ ಫೋಟೊ ಬರೀ ಕಿಟಕಿ. ಅಲ್ಲಿ ರಥವೇ ಕೃತಿ. ಛಾಯಾಗ್ರಾಹಕರ ಹೆಸರು 'ಫೋಟೊ: ಇಂಥವರು' ಎಂದು ಚಿತ್ರಕೃಪೆಯಲ್ಲಿ ಬಂದರೆ ಸಾಕು. ನೀವೇ ತೆಗೆದಿದ್ದರೆ 'ಫೋಟೊ: ಲೇಖಕ', ತೆಗೆದ ವರ್ಷದ ಸಮೇತ. ವರ್ಷ ಯಾಕೆಂದರೆ ಸ್ಮಾರಕಗಳು ಬದಲಾಗುತ್ತವೆ: ಸಂರಕ್ಷಣೆಯ ಕೆಲಸ ನಡೆಯುತ್ತದೆ, ಬಣ್ಣ ಬಳಿಯುತ್ತಾರೆ, ಮೂರ್ತಿಗಳು ಸಂಗ್ರಹಾಲಯಕ್ಕೆ ಹೋಗುತ್ತವೆ.

ಮೂರೂ ಶೈಲಿಗಳಲ್ಲಿ ಇದಕ್ಕೆ ದಾರಿ ಇದೆ, ಆದರೆ ಸಲೀಸು ಒಂದೇ ಅಲ್ಲ. ಚಿತ್ರವನ್ನು ನೀವು ಪುಸ್ತಕದಲ್ಲಿ ನೋಡಿದ್ದರೆ ಎಂಎಲ್‌ಎ ಚೆನ್ನಾಗಿ ನಿಭಾಯಿಸುತ್ತದೆ. ಅದರ ಪೂರಾ ಕಟ್ಟಡವೇ ಒಂದರೊಳಗೊಂದು ಎಂಬ ಲೆಕ್ಕದ ಮೇಲೆ ನಿಂತಿದೆ: ಕಲಾವಿದ, ಕೃತಿ, ವರ್ಷ, ಅದು ಯಾವುದರೊಳಗೆ ಸಿಕ್ಕಿತು, ಅಂದರೆ ಪುಸ್ತಕದ ಹೆಸರು, ಅದರ ಲೇಖಕ, ಪ್ರಕಾಶಕ, ವರ್ಷ, ಪುಟ. ಮೂಲ ಎಲ್ಲಿದೆ, ನೀವು ನೋಡಿದ್ದು ಎಲ್ಲಿ ಎಂಬ ಎರಡೂ ಒಂದೇ ಸಾಲಿನಲ್ಲಿ ಪ್ರಾಮಾಣಿಕವಾಗಿ ಬರುತ್ತವೆ. ಈ ಒಂದು ವಿಷಯದಲ್ಲಿ ನನ್ನ ಮತ ಎಂಎಲ್‌ಎಗೆ. ಕನ್ನಡದಲ್ಲಿ ಕಲೆಯ ಬಗ್ಗೆ ಬರೆಯುವವರು ಎಷ್ಟೋ ಚಿತ್ರಗಳನ್ನು ಪುಸ್ತಕದಲ್ಲೇ ನೋಡಿರುತ್ತಾರೆ, ಮೂಲ ನೋಡಿದವರಂತೆ ಬರೆದಿರುತ್ತಾರೆ. ಪುಸ್ತಕದ ಬಣ್ಣ ನಂಬಿ 'ಕಡುಗೆಂಪು ಹಿನ್ನೆಲೆ' ಎಂದು ವಿಶ್ಲೇಷಿಸುವಾಗ ಆ ಕೆಂಪು ಮುದ್ರಕರದ್ದೂ ಆಗಿರಬಹುದು.

ದೇವಾಲಯ ಶಿಲ್ಪಕ್ಕೆ ಕರ್ತೃ ಯಾರು?

ಮೂರೂ ಶೈಲಿಗಳ ಕಲಾಕೃತಿಯ ನಿಯಮಗಳು ಸಲೀಸಾಗಿ ಹೊಂದುವುದು ಗೋಡೆಗೆ ತೂಗುಹಾಕಿದ, ಕೆಳಗೆ ಸಹಿಯಿರುವ ಚಿತ್ರಕ್ಕೆ. ನಮ್ಮ ಸಾಮಗ್ರಿ ಹಾಗಿಲ್ಲ. ಕರ್ತೃ ತಿಳಿಯದಿದ್ದರೆ ಮೂರೂ ಹೇಳುವುದು ಒಂದೇ: ಕೃತಿಯ ಹೆಸರನ್ನೇ ಮುಂದೆ ತನ್ನಿ. ಕೃತಿಗೆ ಹೆಸರೂ ಇಲ್ಲದಿದ್ದರೆ ನೀವೇ ವಿವರಣೆ ಕೊಡಿ. ಅದಕ್ಕೆ ಓರೆಯಕ್ಷರವಾಗಲಿ ಉದ್ಧರಣ ಚಿಹ್ನೆಯಾಗಲಿ ಬೇಡ. ಎಪಿಎ ಆ ವಿವರಣೆಯನ್ನು ಚೌಕ ಆವರಣದಲ್ಲಿ ಇಡುತ್ತದೆ.

ಬಾದಾಮಿಯ 3ನೇ ಗುಹೆಯ ವಿಷ್ಣುವನ್ನು ಶಿಕಾಗೊ ಟಿಪ್ಪಣಿಯಲ್ಲಿ ಹೀಗೆ ಬರೆಯಬಹುದು:

2. ಅನಂತನ ಮೇಲೆ ಕುಳಿತ ವಿಷ್ಣು, ಶಕ 500 (ಕ್ರಿ.ಶ. 578), ಮರಳುಗಲ್ಲು, 3ನೇ ಗುಹೆ, ಮೊಗಸಾಲೆಯ ಪೂರ್ವ ತುದಿ, ಬಾದಾಮಿ.

ಎರಡು ಸಂಗತಿ ಗಮನಿಸಿ. ಆ ಗುಹೆಯಲ್ಲಿರುವ ಚಾಲುಕ್ಯ ಮಂಗಳೇಶನ ಶಾಸನದಲ್ಲಿರುವುದು ಶಕವರ್ಷ; ಅದನ್ನು ಮೊದಲು ಕೊಟ್ಟು ಕ್ರಿಸ್ತಶಕವನ್ನು ಆವರಣದಲ್ಲಿಟ್ಟರೆ ಯಾವುದು ಆಕರದ ಮಾತು, ಯಾವುದು ಲೆಕ್ಕಹಾಕಿದ್ದು ಎಂದು ತಿಳಿಯುತ್ತದೆ. ಎಪಿಎಯ ವರ್ಷದ ಆವರಣದಲ್ಲಿ ಇದಕ್ಕೆ ಜಾಗ ಇಕ್ಕಟ್ಟು. ಎರಡನೆಯದಾಗಿ, ಸಂಗ್ರಹಾಲಯದ ಹೆಸರು ಬರಬೇಕಾದಲ್ಲಿ ಕಟ್ಟಡದೊಳಗಿನ ಸ್ಥಾನ ಬಂದಿದೆ. 'ಬಾದಾಮಿ' ಎಂದಷ್ಟೇ ಬರೆದರೆ ಓದುಗ ನಾಲ್ಕು ಗುಹೆ ಹುಡುಕಬೇಕು. ಹಳೇಬೀಡಿನ ಹೊರಗೋಡೆಯ ಶಿಲ್ಪವಾದರಂತೂ ದಿಕ್ಕು ಮತ್ತು ಸಾಲು ಹೇಳದೆ ಉಲ್ಲೇಖ ಪೂರ್ತಿಯಾಗುವುದೇ ಇಲ್ಲ.

ಇನ್ನು 'ಶಿಲ್ಪಿ ಅಜ್ಞಾತ' ಎಂದು ಕೈತೊಳೆದುಕೊಳ್ಳುವ ಮುಂಚೆ ಪೀಠ ನೋಡಿ. ಹೊಯ್ಸಳ ಶಿಲ್ಪಿಗಳು ಹೆಸರು ಕೆತ್ತುತ್ತಿದ್ದರು. ಬೇಲೂರಿನ ಮದನಿಕೆಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನದ್ದಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ಮೂರ್ತಿಗಳ ಕೆಳಗಿದೆ. ಸಹಿ ಇರುವ ಮೂರ್ತಿಗೆ ಕರ್ತೃವಿನ ಜಾಗದಲ್ಲಿ ಅವನ ಹೆಸರೇ ಬರಬೇಕು, ಹಲ್ದಂಕರರಿಗೆ ಸಿಕ್ಕ ಸ್ಥಾನ ಮಲ್ಲಿತಮ್ಮನಿಗೂ ಸಿಗಬೇಕು. 'ಹೊಯ್ಸಳ ಶೈಲಿ' ಎಂದು ಕರ್ತೃವಿನ ಜಾಗದಲ್ಲಿ ಬರೆಯುವುದನ್ನು ನೋಡಿದಾಗ ನನಗೆ ಕಿರಿಕಿರಿಯಾಗುತ್ತದೆ. ಶೈಲಿ ಏನನ್ನೂ ಕೆತ್ತಿಲ್ಲ. ಸಹಿಯಿಲ್ಲದ, ಆದರೆ ಇಂಥವನದ್ದಿರಬಹುದು ಎಂದು ವಿದ್ವಾಂಸರು ಊಹಿಸಿದ ಕೃತಿಗೆ ಹೆಸರಿನ ಮುಂದೆ 'ಎಂದು ಊಹೆ' ಸೇರಿಸಿ, ಊಹಿಸಿದವರನ್ನು ಟಿಪ್ಪಣಿಯಲ್ಲಿ ಹೇಳಿ. ಮೈಸೂರು ಸಾಂಪ್ರದಾಯಿಕ ಚಿತ್ರಗಳಿಗೂ ಇದೇ ಮಾತು.

ಕನ್ನಡದಲ್ಲಿ ಬರೆಯುವಾಗ ಮಾತ್ರ ಎದುರಾಗುವವು

ಮೂರೂ ಶೈಲಿಗಳು ಕೃತಿಯ ಹೆಸರನ್ನು ಓರೆಯಕ್ಷರದಲ್ಲಿ ಬಯಸುತ್ತವೆ. ಕನ್ನಡದ ಬಹುಪಾಲು ಫಾಂಟ್‌ಗಳಿಗೆ ನಿಜವಾದ ಓರೆ ರೂಪವೇ ಇಲ್ಲ. ತಂತ್ರಾಂಶ ಅಕ್ಷರವನ್ನು ಸುಮ್ಮನೆ ವಾಲಿಸುತ್ತದೆ, ಒತ್ತಕ್ಷರಗಳು ಪಕ್ಕದವಕ್ಕೆ ತಗುಲುತ್ತವೆ. ಒಂಟಿ ಉದ್ಧರಣ ಚಿಹ್ನೆ ಬಳಸಿ, ಮುನ್ನುಡಿಯಲ್ಲೇ ಆ ಮಾತು ಹೇಳಿಬಿಡಿ. ಪರೀಕ್ಷಕರು ನೋಡುವುದು ಮೊದಲಿನಿಂದ ಕೊನೆಯವರೆಗೆ ಒಂದೇ ಪದ್ಧತಿ ಇದೆಯೇ ಎಂದು.

ಪಟ್ಟಿಗಾಗಿ ಕಲಾವಿದರ ಹೆಸರನ್ನು ಹಿಂದುಮುಂದಾಗಿ ತಿರುಗಿಸುವುದು ಇನ್ನೊಂದು. 'ಹೆಬ್ಬಾರ್, ಕೆ. ಕೆ.' ಸರಿಹೋಗುತ್ತದೆ, 'ವೆಂಕಟಪ್ಪ, ಕೆ.' ಕೂಡ. ಆದರೆ 'ವರ್ಮ, ರಾಜಾ ರವಿ' ಎಂದು ಬರೆದರೆ? ರಾಜಾ ಎಂಬುದು ಬಿರುದು, ರವಿವರ್ಮ ಒಂದೇ ಹೆಸರು. ಅಕಾರಾದಿಯಲ್ಲಿ ಅವನು ರಕಾರದ ಕೆಳಗೆ 'ರವಿವರ್ಮ' ಎಂದೇ ಬರಲಿ. ದಾಸೋಜ, ಮಲ್ಲಿತಮ್ಮರನ್ನಂತೂ ತಿರುಗಿಸಲು ಏನೂ ಇಲ್ಲ. ಎಂಎಲ್‌ಎ ಮತ್ತು ಎಪಿಎ ಪಟ್ಟಿಗಳಲ್ಲಿ ತಿರುಗಿಸುವ ಪ್ರಶ್ನೆ ಪ್ರತಿ ನಮೂದಿಗೂ ಏಳುತ್ತದೆ. ಶಿಕಾಗೊ ಟಿಪ್ಪಣಿಯಲ್ಲಿ ಹೆಸರು ನಾವು ಕರೆಯುವ ಕ್ರಮದಲ್ಲೇ ಇರುವುದರಿಂದ ಮುಕ್ಕಾಲು ಪಾಲು ಸಮಸ್ಯೆ ಏಳುವುದೇ ಇಲ್ಲ. ಕನ್ನಡದ ಮಹಾಪ್ರಬಂಧಗಳಿಗೆ ಅದನ್ನು ಸೂಚಿಸಲು ನನಗಿರುವ ಕಾರಣಗಳಲ್ಲಿ ಇದೂ ಒಂದು.

ಒಂದೇ ಚಿತ್ರಕ್ಕೆ ಎರಡು ಮೂರು ಹೆಸರುಗಳಿದ್ದರೆ ಅದನ್ನು ಇಟ್ಟುಕೊಂಡಿರುವ ಸಂಸ್ಥೆ ಬಳಸುವ ಹೆಸರಿಗೆ ಮೊದಲ ಮಣೆ. ಉಳಿದದ್ದನ್ನು ಮೊದಲ ಟಿಪ್ಪಣಿಯಲ್ಲಿ ಒಮ್ಮೆ ಹೇಳಿ ಬಿಟ್ಟುಬಿಡಿ.

ಅಂತರಜಾಲದಿಂದ ತೆಗೆದುಕೊಂಡದ್ದು

ಗೂಗಲ್ ಇಮೇಜಸ್ ಆಕರವಲ್ಲ. ಪಿಂಟರೆಸ್ಟ್ ಅಂತೂ ಅಲ್ಲವೇ ಅಲ್ಲ. ಅವು ದಾರಿ ತೋರಿಸುವವು. ಅಲ್ಲಿಂದ ಹಿಂದೆ ಹಿಂದೆ ನಡೆದು ಚಿತ್ರವನ್ನು ಇಟ್ಟುಕೊಂಡಿರುವ ಸಂಸ್ಥೆಯ ಪುಟ ಮುಟ್ಟಬೇಕು. ಅಲ್ಲಿ ದಾಖಲೆ ಸಂಖ್ಯೆ ಸಿಗುತ್ತದೆ. ಯಾವ ಶೈಲಿಯೂ ಅದನ್ನು ಕಡ್ಡಾಯ ಮಾಡದಿದ್ದರೂ ಹಾಕಿಡಿ: ಜಾಲಕೊಂಡಿ ಸತ್ತರೂ ಸಂಖ್ಯೆಯಿಂದ ಕೃತಿಯನ್ನು ಮತ್ತೆ ಹುಡುಕಬಹುದು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಿಂದ ಹಕ್ಕುಸ್ವಾಮ್ಯ ಮುಗಿದ ತನ್ನ ಕೃತಿಗಳ ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಬಿಟ್ಟಿದೆ. ಬ್ರಿಟಿಷ್ ಮ್ಯೂಸಿಯಂ ವಾಣಿಜ್ಯೇತರ ಬಳಕೆಗೆ ಮಾತ್ರ ಒಪ್ಪುತ್ತದೆ. ಪ್ರಬಂಧಕ್ಕೆ ಸಾಕು, ನಾಳೆ ಅದೇ ಪುಸ್ತಕವಾಗಿ ಮಾರಾಟಕ್ಕೆ ಬಂದರೆ ಮತ್ತೆ ಕೇಳಬೇಕು. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಕರ್ನಾಟಕದ ದೇವಾಲಯಗಳ ಫೋಟೊಗಳು ರಾಶಿ ಇವೆ, ಬಹಳಷ್ಟನ್ನು ಹಾಕಿದವರು ನಮ್ಮವರೇ. ಅಲ್ಲಿನದನ್ನು ಬಳಸಿದರೆ 'ಕೃಪೆ: ವಿಕಿಮೀಡಿಯಾ' ಎಂದರೆ ಆಗಲಿಲ್ಲ. ತೆಗೆದವರ ಹೆಸರು ಅಥವಾ ಬಳಕೆದಾರನಾಮ, ಪರವಾನಗಿ ಯಾವುದು, ಕೊಂಡಿ, ಈ ಮೂರೂ ಬೇಕು. ಇದು ಶೈಲಿಯ ಬೇಡಿಕೆಯಲ್ಲ, ಪರವಾನಗಿಯ ಷರತ್ತು. ಎಪಿಎ ಟಿಪ್ಪಣಿಯಲ್ಲಿ ಇದಕ್ಕೆ ಸಿದ್ಧ ಜಾಗವಿದೆ. ಉಳಿದೆರಡರಲ್ಲಿ ಚಿತ್ರಕೃಪೆಯ ಸಾಲಿಗೆ ಸೇರಿಸಬೇಕು.

ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರಕ್ಕೆ ಎಂಎಲ್‌ಎ ಕೊಟ್ಟ ಸಲಹೆ ಸರಳ: ನೀವು ಕೊಟ್ಟ ಸೂಚನೆಯ ವಿವರಣೆ, ಉಪಕರಣದ ಹೆಸರು, ಆವೃತ್ತಿ, ಕಂಪನಿ, ಮಾಡಿಸಿದ ದಿನ. ಕಲಾ ಇತಿಹಾಸದ ಪ್ರಬಂಧದಲ್ಲಿ ಅಂಥ ಚಿತ್ರಕ್ಕೆ ಏನು ಕೆಲಸ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಉಲ್ಲೇಖ ಕೊಟ್ಟರೆ ಅನುಮತಿ ಸಿಕ್ಕಂತೆಯೇ?

ಇಲ್ಲ. ಎಷ್ಟು ಅಚ್ಚುಕಟ್ಟಾದ ಶಿಕಾಗೊ ಟಿಪ್ಪಣಿಯೂ ಅನುಮತಿ ಪತ್ರವಾಗುವುದಿಲ್ಲ. 'ನನ್ನ ಪ್ರಬಂಧ ಯಾರು ಓದುತ್ತಾರೆ, ಗ್ರಂಥಾಲಯದಲ್ಲಿ ಧೂಳು ತಿನ್ನುತ್ತದೆ' ಎನ್ನುವ ಕಾಲ ಹೋಯಿತು. ಪಿಎಚ್‌ಡಿ ನಿಯಮಗಳ ಪ್ರಕಾರ ಮಹಾಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲವಾದ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ಪ್ರಬಂಧ ಭಂಡಾರಕ್ಕೆ ಹೋಗುತ್ತದೆ, ಲೋಕಕ್ಕೆಲ್ಲ ಕಾಣುತ್ತದೆ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಸಾಮಾನ್ಯ ಲೆಕ್ಕ: ಕಲಾವಿದ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. ರವಿವರ್ಮನ ಚಿತ್ರಗಳು ಎಂದೋ ಮುಕ್ತ. ಕೆ. ವೆಂಕಟಪ್ಪ 1965ರಲ್ಲಿ ತೀರಿಕೊಂಡರು, ಅವರ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯುವ ಲೆಕ್ಕ. ಹಲ್ದಂಕರ್ ತೀರಿಕೊಂಡದ್ದು 1968ರಲ್ಲಿ, 2028ರ ಕೊನೆಯವರೆಗೆ. ಕೆ. ಕೆ. ಹೆಬ್ಬಾರರದು 1996, ಅಂದರೆ 2056ರ ತನಕ. ಹೀಗೆ, ರವಿವರ್ಮನದೆಂದು ತಿಳಿದು ದೀಪದ ಚಿತ್ರವನ್ನು ಧಾರಾಳವಾಗಿ ಅಚ್ಚು ಹಾಕುವವರು ಹೆಸರಿನ ಜೊತೆಗೆ ಹಕ್ಕಿನ ಲೆಕ್ಕವನ್ನೂ ತಪ್ಪುತ್ತಾರೆ. ಛಾಯಾಚಿತ್ರಗಳಿಗೆ ಮೊದಲು ಪ್ರಕಟಣೆಯಿಂದ 60 ವರ್ಷ ಎಂಬ ಬೇರೆ ಲೆಕ್ಕವಿತ್ತು. 2012ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಕಾಯಿದೆಯ 52ನೇ ಕಲಂ ಸಂಶೋಧನೆ, ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಚರ್ಚಿಸುವ ಚಿತ್ರವನ್ನು ಚರ್ಚೆಗೆ ಬೇಕಾದಷ್ಟು ದೊಡ್ಡದಾಗಿ ಹಾಕುವುದಕ್ಕೂ, ಅಧ್ಯಾಯದ ಮುಖಪುಟ ಚೆಂದ ಕಾಣಲಿ ಎಂದು ಹಾಕುವುದಕ್ಕೂ ಅಲ್ಲಿ ವ್ಯತ್ಯಾಸವಿದೆ. ಅದೇ ಕಲಮಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಫೋಟೊ ತೆಗೆದು ಪ್ರಕಟಿಸಬಹುದು ಎಂದಿದೆ. ವೃತ್ತದಲ್ಲಿರುವ ಪ್ರತಿಮೆಗೆ ಇದು ಅನ್ವಯಿಸುತ್ತದೆ. ಆದರೆ ಮಾತು ಶಿಲ್ಪ, ಕರಕುಶಲ ಕೃತಿಗಳ ಬಗ್ಗೆ. ರೈಲು ನಿಲ್ದಾಣದ ಗೋಡೆಯ ಮೇಲೆ ಈಗಿನ ಕಲಾವಿದರು ಬರೆದ ಚಿತ್ರವೂ ಇದರಲ್ಲಿ ಸೇರಿತು ಎಂದುಕೊಳ್ಳಬೇಡಿ.

ಅನುಮತಿ ಬೇಕಾದಲ್ಲಿ ಕುಟುಂಬಕ್ಕೋ ಸಂಸ್ಥೆಗೋ ಬೇಗ ಬರೆಯಿರಿ, ಪ್ರಬಂಧ ಸಲ್ಲಿಸುವ ತಿಂಗಳಲ್ಲಲ್ಲ. ಯಾವ ಚಿತ್ರ, ಯಾವ ಅಳತೆಯಲ್ಲಿ, ಎಲ್ಲಿ ಪ್ರಕಟವಾಗುತ್ತದೆ, ಶೋಧಗಂಗಾಕ್ಕೂ ಹೋಗುತ್ತದೆ ಎಂಬುದನ್ನೆಲ್ಲ ಪತ್ರದಲ್ಲೇ ಹೇಳಿ. ಒಪ್ಪಿದರೆ ಅವರು ಕೇಳಿದ ಮಾತುಗಳಲ್ಲೇ ಕೃಪೆಯ ಸಾಲು ಹಾಕಿ, ಅದು ನಿಮ್ಮ ಶೈಲಿಗೆ ಹೊಂದದಿದ್ದರೂ ಸರಿ. ಉತ್ತರ ಬರದಿದ್ದರೆ ಚಿತ್ರ ಬಿಟ್ಟು ಉಲ್ಲೇಖ ಇಟ್ಟುಕೊಳ್ಳಿ: ಕೃತಿಯನ್ನು ಮಾತಿನಲ್ಲಿ ವಿವರಿಸಿ, ಅದು ಇರುವ ಸಂಗ್ರಹವನ್ನೂ ಅದು ಅಚ್ಚಾಗಿರುವ ಪುಸ್ತಕದ ಪುಟವನ್ನೂ ಟಿಪ್ಪಣಿಯಲ್ಲಿ ಕೊಡಿ. ಇದಕ್ಕೆ ಯಾರ ಅನುಮತಿಯೂ ಬೇಡ, ಮೂರೂ ಶೈಲಿಗಳಲ್ಲಿ ಜಾಗವಿದೆ.